ಮೋಟಾರ್ ಸೈಕಲ್ಲಿನ ನೆತ್ತಿ

ಆಗುವುದಿಲ್ಲ ಎಂದು ಹೇಳಿದವನು ನನ್ನ ದೊಡ್ಡಪ್ಪ. ಅಪ್ಪನ ಅಣ್ಣ, ಕುರುಬರಹಳ್ಳಿಯ ನಮ್ಮ ಮನೆಯ ಯಜಮಾನ. ಹೇಳಿದ್ದು ಊಟಕ್ಕೆ ಕೂತಾಗ, ಎಲ್ಲರ ಎದುರಿಗೆ, ಬೆರಳಿಗೆ ಅಂಟಿದ್ದ ಸಾರನ್ನು ಚೀಪುತ್ತ. ನಾನಾಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಮುಂದೆ ಕಾಲೇಜಿಗೂ ಹೋಗುತ್ತೇನೆ ಎಂದು ಅವ್ವನ ಹತ್ತಿರ ಆಡಿದ ಮಾತು ಹೇಗೋ ಅವನ ಕಿವಿಗೆ ಬಿದ್ದಿತ್ತು.

"ನಮ್ ವಂಶದ ಹೆಣ್ಣು ಬೀಯೆ ಪಾಸು ಮಾಡೋದೂ ಒಂದೇ, ಕೋಳಿ ಉಚ್ಚೆ ಹುಯ್ಯೋದೂ ಒಂದೇ. ಎರಡೂ ಆಗೋ ಮಾತಲ್ಲ ಬಿಡ್ರಲಾ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅದು ತಮಾಷೆಗೆ ಬಂದ ನಗುವಲ್ಲ, ಅಣ್ಣ ನಕ್ಕಾಗ ತಮ್ಮ ನಗಬೇಕು ಎಂಬ ನಗು. ನಾನು ಸಾರಿನ ಪಾತ್ರೆಯನ್ನು ಅಲ್ಲೇ ಇಟ್ಟು ಹಿತ್ತಲಿಗೆ ಹೋದೆ. ನಾನು ಬಿ.ಎಸ್ಸಿ. ಮಾಡಿದೆ, ಭೌತಶಾಸ್ತ್ರದಲ್ಲಿ. ನಮ್ಮ ವಂಶದಲ್ಲಿ ಗಂಡು ಹೆಣ್ಣು ಎರಡೂ ಸೇರಿ ಮೊದಲ ಪದವಿ ನನ್ನದು. ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ, ಯಾರೂ ತಪ್ಪು ತಿಳಿಯಬೇಕಾಗಿಲ್ಲ. ಆದರೆ ಆ ಪದವಿ ಹೈಸ್ಕೂಲಿನಲ್ಲೇ ಸತ್ತುಹೋಗುವುದರಲ್ಲಿತ್ತು. ಅದಕ್ಕೆ ಕಾರಣ ಬಡತನವಲ್ಲ, ನನ್ನ ದಡ್ಡತನವೂ ಅಲ್ಲ. ಕೆಲವು ದಿನ ಬೆಳಗ್ಗೆ ಸ್ಟಾರ್ಟ್ ಆಗದೆ ಹಟ ಹಿಡಿಯುತ್ತಿದ್ದ ಒಂದು ಮೋಟಾರ್ ಸೈಕಲ್ಲು.

ರಾಜಾಜಿನಗರಕ್ಕೆ ಕಲ್ಲು ನೆಡುತ್ತಿದ್ದ ಕಾಲ ಅದು. ಬಿಳಿ ಬಳಿದ ಸೈಟುಗಲ್ಲುಗಳು ನಮ್ಮ ರಾಗಿ ಹೊಲದ ಅಂಚಿನವರೆಗೂ ಬಂದು ನಿಂತಿದ್ದವು. ದೊಡ್ಡಪ್ಪ ಹೊಸ ಮನೆಗಳಿಗೆ ಮರಳು, ಇಟ್ಟಿಗೆ ಒದಗಿಸುವ ಕಂಟ್ರಾಕ್ಟು ಹಿಡಿದಿದ್ದ. ಕಂಟ್ರಾಕ್ಟುದಾರ ಸೈಕಲ್ಲು ತುಳಿದರೆ ಮರ್ಯಾದೆ ಇರುವುದಿಲ್ಲವೆಂದು, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ್ದ ಹಳೆಯ ಮೋಟಾರ್ ಸೈಕಲ್ಲೊಂದನ್ನು ಯಾರದೋ ಕೈಯಿಂದ ಕೊಂಡು ತಂದ. ನಮ್ಮದು ರೈಲು ಡಬ್ಬಿಯ ಹಾಗೆ ಉದ್ದಕ್ಕೆ ಚಾಚಿಕೊಂಡ ಮನೆ. ಮುಂದೆ ಜಗಲಿ, ಆಮೇಲೆ ಪಡಸಾಲೆ, ಪಕ್ಕದಲ್ಲಿ ದನದ ಕೊಟ್ಟಿಗೆ, ತುದಿಯಲ್ಲಿ ಅಡುಗೆ ಮನೆ, ಅದರ ಹಿಂದೆ ಹಿತ್ತಲು ಮತ್ತು ತಿಪ್ಪೆ. ಮೋಟಾರ್ ಸೈಕಲ್ಲಿಗೆ ಸಿಕ್ಕಿದ್ದು ಪಡಸಾಲೆ. ಅಲ್ಲಿ ಮಲಗುತ್ತಿದ್ದ ಅಪ್ಪನ ಚಾಪೆ ಜಗಲಿಗೆ ಹೋಯಿತು. ಗಾಡಿ ನಿಂತ ಕಡೆ ಕಪ್ಪು ಎಣ್ಣೆ ತೊಟ್ಟಿಕ್ಕಿ, ಅವ್ವ ಸಗಣಿಯಿಂದ ಸಾರಿಸಿದ ನೆಲದ ಮೇಲೆ ಹುಣ್ಣಿನಂಥ ಕಲೆಯಾಗಿತ್ತು. ನಾವು ಊಟಕ್ಕೆ ಕೂರುತ್ತಿದ್ದದ್ದು ಆ ಕಲೆಯ ಪಕ್ಕದಲ್ಲೇ. ಮುದ್ದೆಗೂ ಪೆಟ್ರೋಲು ವಾಸನೆ, ಮಜ್ಜಿಗೆಗೂ ಪೆಟ್ರೋಲು ವಾಸನೆ. ದೊಡ್ಡಪ್ಪ ಚೈನು ಮುಟ್ಟಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಅದೇ ಕೈಯಲ್ಲಿ ಉಪ್ಪಿನಕಾಯಿ ಜಾಡಿಗೆ ಬೆರಳು ಹಾಕುತ್ತಿದ್ದ. ಗಾಡಿಯನ್ನು ಒರೆಸಲು ಇಟ್ಟುಕೊಂಡಿದ್ದ ಬಟ್ಟೆ ನನ್ನ ಹಳೆಯ ಲಂಗ. ನನ್ನನ್ನು ಕೇಳಿಯೂ ಇರಲಿಲ್ಲ.

ಗಾಡಿ ಮನೆಗೆ ಬಂದ ದಿನ ಪೂಜೆಗೆ ಅಣಿಯಾಯಿತು. ದೊಡ್ಡಮ್ಮ ತಟ್ಟೆ ಹಿಡಿದು ಬಂದವಳು ಅದರ ಮುಂದೆ ನಿಂತು ಯೋಚನೆಗೆ ಬಿದ್ದಳು. ಎತ್ತಿಗಾದರೆ ಕುಂಕುಮ ಎಲ್ಲಿಡಬೇಕೆಂದು ಗೊತ್ತು. ಇದಕ್ಕೆ?

"ಹಣೆ ಎಲ್ಲೈತೆ ಇದುಕ್ಕೆ?" ಎಂದಳು.

"ಮುಂದ್ಗಡೆ ದೊಡ್ಡ ಲೈಟೈತಲ್ಲ ಅತ್ತಿಗೆ, ಅದೇ ಇರ್ಬೇಕು," ಎಂದ ಅಪ್ಪ.

"ಥೂ ಮಂಕೇ, ಅದು ಕಣ್ಣು ಕಣಲಾ! ಕಣ್ಣಿಗೆ ಯಾರಾದ್ರೂ ಕುಂಕುಮ ಮೆತ್ತುತಾರಾ?" ದೊಡ್ಡಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದ. "ನೋಡಿಲ್ಲಿ. ಈ ಹ್ಯಾಂಡ್ಲು ಎರಡೂ ಕೊಂಬು. ಕೊಂಬಿನ ಹಿಂದ್ಗಡೆ ಗುಂಡಗೆ ಇರೋದು ನೆತ್ತಿ. ಇಲ್ಲಿಡು."

ಅವನು ತೋರಿಸಿದ್ದು ಪೆಟ್ರೋಲು ಟ್ಯಾಂಕಿನ ಮುಚ್ಚಳವನ್ನು. ಅಂದಿನಿಂದ ಸೋಮವಾರ, ಶುಕ್ರವಾರ ತಪ್ಪದೆ ಆ ನೆತ್ತಿಗೆ ಪೂಜೆ. ಓಡುವಾಗ ಗಾಳಿಗೆ ಹಾರಿಹೋಗಬಾರದೆಂದು ದೊಡ್ಡಮ್ಮ ಅರಿಶಿನ ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೆತ್ತುತ್ತಿದ್ದಳು. ಹಳೆಯದರ ಮೇಲೆ ಹೊಸದು. ಒರೆಸುವುದು ಪಾಪ. ಕೆಲವೇ ವಾರಗಳಲ್ಲಿ ಮುಚ್ಚಳದ ಮೇಲೆ ಒಣಗಿದ ರಕ್ತದಂತೆ ಒಂದು ಹೆಕ್ಕಳೆ ಕಟ್ಟಿತು. ಅದಕ್ಕೆ ನೊಣ ಮುತ್ತುತ್ತಿದ್ದವು.

ತೊಂದರೆ ಶುರುವಾದದ್ದು ಆಮೇಲೆ. ಒಂದೊಂದು ದಿನ ದೊಡ್ಡಪ್ಪ ಒಂದೇ ಸಲ ಒದ್ದರೆ ಡುಗುಡುಗು ಎಂದು ಹೊರಡುತ್ತಿತ್ತು. ಒಂದೊಂದು ದಿನ ಒದ್ದು ಒದ್ದು ಅವನ ಪಂಚೆ ಸಡಿಲವಾದರೂ ಕೆಮ್ಮುತ್ತಲೂ ಇರಲಿಲ್ಲ. ಆಗ ಅಪ್ಪನನ್ನು ಕೂಗುವನು. ಅಣ್ಣ ಗಾಡಿಯ ಮೇಲೆ ಮಹಾರಾಜನಂತೆ ಕೂರುವುದು, ತಮ್ಮ ಪಂಚೆ ಎತ್ತಿ ಕಟ್ಟಿ ಮಾಗಡಿ ರಸ್ತೆಯ ಕಡೆಯ ಇಳಿಜಾರಿನವರೆಗೆ ಅದನ್ನು ತಳ್ಳಿಕೊಂಡು ಓಡುವುದು. ಬೀದಿಯ ಹೆಂಗಸರು ಕೊಡ ಕೆಳಗಿಟ್ಟು ನೋಡುವರು.

"ತಳ್ಳಲಾ! ಮುದ್ದೆ ತಿಂದಿಲ್ವೇನಲಾ? ಹೆಣ ತಳ್ಳ್ದಂಗೆ ತಳ್ತೀಯಲ್ಲ!"

ಕೊನೆಗೆ ದೊಡ್ಡಪ್ಪ ಮುಚ್ಚಳ ತಿರುಗಿಸಿ, ಪೆಟ್ರೋಲು ಇದೆಯೋ ಇಲ್ಲವೋ ಎಂದು ಇಣುಕಿ ನೋಡಿ, ಮತ್ತೆ ಮುಚ್ಚಿ, ಇನ್ನೊಂದು ಸಲ ತಳ್ಳಿಸಿಕೊಂಡರೆ ಗಾಡಿ ಹೊರಡುತ್ತಿತ್ತು. ತಳ್ಳಿದ್ದರಿಂದಲೇ ಹೊರಟಿತೆಂದು ಎಲ್ಲರ ನಂಬಿಕೆ. ಅಪ್ಪ ಬೆವರು ಒರೆಸಿಕೊಳ್ಳುತ್ತ, ಏನೋ ಗೆದ್ದವನಂತೆ ಹಲ್ಲು ಬಿಟ್ಟುಕೊಂಡು ವಾಪಸು ಬರುತ್ತಿದ್ದ. ಆ ಹಲ್ಲು ನೋಡಿದರೆ ನನಗೆ ಅಸಹ್ಯವಾಗುತ್ತಿತ್ತು. ಹೆತ್ತ ಅಪ್ಪನ ಮೇಲೆ ಹೀಗೆ ಬರೆಯಬಾರದು ಎನ್ನುವವರು ಆ ಇಳಿಜಾರಿನಲ್ಲಿ ಒಂದು ಬೆಳಗ್ಗೆ ನಿಂತು ನೋಡಬೇಕಿತ್ತು.

ಗಾಡಿಗೆ ಏನಾಗಿದೆ ಎಂದು ಮನೆಯವರೆಲ್ಲ ತಲೆಗೊಂದು ಮಾತು ಹೇಳಿದರು. ಪ್ಲಗ್ಗಿನಲ್ಲಿ ಮಸಿ ಕಟ್ಟಿದೆ ಎಂದು ದೊಡ್ಡಪ್ಪ ಅದನ್ನು ಬಿಚ್ಚಿ ಅವ್ವನ ಒಲೆಯ ಕೆಂಡದಲ್ಲಿ ಇಟ್ಟು ಕಾಯಿಸಿದ. ಮೇಲೆ ಹುರುಳಿ ಕುದಿಯುತ್ತಿತ್ತು, ಕೆಳಗೆ ಪ್ಲಗ್ಗು ಹೊಗೆಯುಗುಳುತ್ತಿತ್ತು. ಆ ಹುರುಳಿಯ ಬಸ್ಸಾರನ್ನು ನಾನು ಉಣ್ಣಲಿಲ್ಲ. ಕಾಯಿಸಿದ ಮಾರನೆಯ ದಿನ ಗಾಡಿ ಹೊರಟಿತು, ಅದರ ಮಾರನೆಯ ದಿನ ಇಲ್ಲ. ಮಾಗಡಿ ರಸ್ತೆಯ ಕಡೆಯಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಬಂದವನೇ ಮುಚ್ಚಳ ತಿರುಗಿಸಿ, ಮೂಗಿಟ್ಟು ನೋಡಿ, ಮುಚ್ಚಿ, ಒಂದು ಒದೆ ಕೊಟ್ಟ. ಗಾಡಿ ಎದ್ದು ನಿಂತಿತು.

"ಏನ್ ಸಾರ್, ಮನೆಗೆ ಕರ್ಸಿ ತಮಾಷೆ ಮಾಡ್ತೀರಾ? ಗಾಡಿ ಕುದ್ರೆ ಥರಾ ಐತೆ!"

"ಬೆಳಗ್ಗೆ ಸಾಯ್ತದಪ್ಪ ಇದು. ದಿನಾ ಅಲ್ಲ. ಒಂದೊಂದಿನ."

"ಒಂದೊಂದಿನದ ಕಾಯ್ಲೆಗೆ ನನ್ನತ್ರ ಔಷ್ದಿ ಇಲ್ಲ ಸಾರ್. ಯಾರ್ದೋ ಕಣ್ಣು ಬಿದ್ದಿರ್ಬೇಕು, ನೋಡ್ಕೊಳ್ಳಿ."

ಅವನು ನಗುತ್ತ ಹೇಳಿದ್ದ. ಮಜ್ಜಿಗೆ ಕುಡಿದು ಹೊರಟೇಹೋದ. ನಮ್ಮ ಮನೆಯಲ್ಲಿ ಅದನ್ನು ನಗುವ ಮಾತೆಂದು ತಿಳಿದವರು ಯಾರೂ ಇರಲಿಲ್ಲ. ಅವತ್ತು ಸಂಜೆಯೇ ಯಾರ ಕಣ್ಣು ಎಂಬ ವಿಚಾರಣೆ ನಡೆಯಿತು. ದೊಡ್ಡಪ್ಪ ಹೊರಡುವ ಹೊತ್ತಿಗೇ ನಾನೂ ಸ್ಕೂಲಿಗೆ ಹೊರಡುತ್ತಿದ್ದೆ. ಬೀದಿಯ ಕಡೆಗೆ ಇರುವುದು ಒಂದೇ ಬಾಗಿಲು.

"ಬೆಳಿಗ್ಗೆ ಎದ್ದು ಪುಸ್ತಕ ಎದೆಗೆ ಅವಚ್ಕೊಂಡು ಎದ್ರಿಗೆ ಬರೋಳು ಯಾರು? ಹೆಣ್ಣಾಗಿ ಹುಟ್ಟಿ ಕೊಡ ಹಿಡ್ಕೊಂಡು ಬಂದಿದ್ರೆ ಶಕುನ ಆಗಿರೋದು," ಎಂದಳು ದೊಡ್ಡಮ್ಮ.

"ಗಾಡಿ ಸ್ಟಾರ್ಟ್ ಆದ ದಿನಾನೂ ನಾನು ಎದ್ರಿಗೆ ಬಂದಿದೀನಿ ದೊಡ್ಡಮ್ಮ," ಎಂದೆ.

"ನೋಡಿದ್ರಾ, ನೋಡಿದ್ರಾ ಬಾಯ್ನ!"

ದೊಡ್ಡಪ್ಪ ಎಲೆಯಡಿಕೆ ಉಗಿದು ತೀರ್ಪು ಕೊಟ್ಟ. ಗಾಡಿ ನೆಟ್ಟಗಾಗುವವರೆಗೆ ಇವಳು ಸ್ಕೂಲಿಗೆ ಹೋಗಕೂಡದು. ಅವ್ವ ಅಡುಗೆ ಮನೆಯ ಬಾಗಿಲ ಹಿಂದಿನಿಂದ ಒಂದು ಮಾತು ಹೇಳಿದಳು.

"ಬಾವ, ಪರೀಕ್ಷೆ ಹತ್ರ ಬಂದೈತೆ. ನೀವು ಹೊಂಟೋದ್ಮೇಲೆ ಹೋಗ್ಲಿ ಮಗ."

"ಆಮೇಲೆ ಹೋದ್ರೇನು, ಮೊದ್ಲು ಹೋದ್ರೇನು? ಕಣ್ಣು ಅವಳ ಮುಖ್ದಲ್ಲೇ ಇರ್ತದಲ್ಲ."

ಅಪ್ಪ ಎದ್ದು ನನ್ನ ಹಳೆಯ ಲಂಗದಿಂದ ಗಾಡಿ ಒರೆಸತೊಡಗಿದ. ನಮ್ಮ ಸ್ಕೂಲಿನಲ್ಲಿ ಹಾಜರಿ ಕಡಿಮೆಯಾದವರನ್ನು ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಹೆಡ್‌ಮಿಸ್ಸು ಆ ವಿಷಯದಲ್ಲಿ ಯಾರ ಅಳುವನ್ನೂ ಕೇಳುವವರಲ್ಲ. ಪರೀಕ್ಷೆ ತಪ್ಪಿದರೆ ನನ್ನನ್ನು ಮತ್ತೆ ಸ್ಕೂಲಿಗೆ ಕಳಿಸುವವರು ಈ ಮನೆಯಲ್ಲಿ ಯಾರೂ ಇಲ್ಲವೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ನಾನು ಮನೆಯಲ್ಲಿ ಕೂತೆ. ಗಾಡಿ ಆಗಲೂ ಕೈಕೊಟ್ಟಿತು. ನಾನು ಎದುರಿಗೇ ಬಾರದಿದ್ದರೂ ಹೇಗೆ ಕೈಕೊಟ್ಟಿತು ಎಂದು ಯಾರಾದರೂ ಕೇಳುತ್ತಾರೆ ಎಂದುಕೊಂಡಿದ್ದೆ. ದೊಡ್ಡಮ್ಮನ ಹತ್ತಿರ ಅದಕ್ಕೂ ಉತ್ತರ ಸಿದ್ಧವಿತ್ತು.

"ಒಳಗೆ ಕೂತು ಮನಸ್ನಲ್ಲೇ ಶಾಪ ಹಾಕ್ತಾವ್ಳೆ. ಎದ್ರಿಗೆ ಬಂದಿದ್ರೇ ವಾಸಿ ಇತ್ತು."

ನೆತ್ತಿಗೆ ಇನ್ನಷ್ಟು ಕುಂಕುಮ ಬಿತ್ತು. ಹೆಚ್ಚು ಬಿದ್ದಷ್ಟೂ ಗಾಡಿ ಹೆಚ್ಚು ಸಾಯತೊಡಗಿತು. ಅಪ್ಪ ಹೆಚ್ಚು ಓಡತೊಡಗಿದ. ನಾನು ರಾಗಿ ಬೀಸುತ್ತ, ಕೊಟ್ಟಿಗೆ ಗುಡಿಸುತ್ತ, ಬೆರಣಿ ತಟ್ಟುತ್ತ ಉಳಿದೆ.

ಅಂಥ ಒಂದು ದಿನ ಅವ್ವ ಹೊಸ ಕಡಲೆಕಾಯಿ ಎಣ್ಣೆಯ ಡಬ್ಬ ಒಡೆಯಲು ಹೇಳಿದಳು. ನಾನು ಸಿಟ್ಟಿನಲ್ಲೇ ಮೊಳೆ ಇಟ್ಟು ಕಲ್ಲಿನಿಂದ ಕುಟ್ಟಿ, ಮೂಲೆಯಲ್ಲಿ ಒಂದು ತೂತು ಮಾಡಿ ಡಬ್ಬ ಬಗ್ಗಿಸಿದೆ. ಗಳಗಳ ಎಂದು ಒಂದಿಷ್ಟು ಬಂದು ಎಣ್ಣೆ ನಿಂತುಬಿಟ್ಟಿತು. ಡಬ್ಬ ಅಲ್ಲಾಡಿಸಿದೆ. ಇನ್ನೆರಡು ತೊಟ್ಟು ಬಿತ್ತು.

"ಒಂದೇ ತೂತು ಹೊಡೆದ್ರೆ ಹೆಂಗೆ ಸುರೀತದೆ ಕಣೇ? ಆ ಮೂಲೇಲಿ ಇನ್ನೊಂದು ಹೊಡಿ. ಡಬ್ಬಾನೂ ಉಸ್ರಾಡ್ಬೇಕಲ್ವಾ?"

ಇನ್ನೊಂದು ಹೊಡೆದೆ. ಎಣ್ಣೆ ದಾರದಂತೆ ಇಳಿಯಿತು. ನಾನು ಬಗ್ಗಿದವಳು ಬಗ್ಗಿದಂತೆಯೇ ನಿಂತೆ. ಗಾಳಿಯ ಒತ್ತಡದ ಪಾಠವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅದು ಬಾಯಲ್ಲೇ ಇತ್ತು, ತಲೆಗೆ ಇಳಿದಿರಲಿಲ್ಲ. ಆಗ ಇಳಿಯಿತು. ಪೆಟ್ರೋಲು ಹಾಕಿಸಿಕೊಂಡು ಬಂದ ದಿನ ಗಾಡಿ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಮೆಕ್ಯಾನಿಕ್ಕು ಮುಚ್ಚಳ ತೆಗೆದು ಮೂಗಿಟ್ಟ ಮೇಲೆ ಎದ್ದಿತ್ತು. ದೊಡ್ಡಪ್ಪ ಮುಚ್ಚಳ ತೆಗೆದು ಇಣುಕಿ ನೋಡಿದ ಮೇಲೆಯೇ ತಳ್ಳಿದರೆ ಹೊರಡುತ್ತಿತ್ತು. ಅಪ್ಪನ ಓಟಕ್ಕೂ ಅದಕ್ಕೂ ಏನೂ ಸಂಬಂಧವಿರಲಿಲ್ಲ.

ಭಾನುವಾರ ಮಧ್ಯಾಹ್ನ ದೊಡ್ಡಪ್ಪ ಉಂಡು ಗೊರಕೆ ಹೊಡೆಯುತ್ತಿದ್ದಾಗ ಪಡಸಾಲೆಗೆ ಹೋದೆ. ತಲೆಯಿಂದ ಪಿನ್ನು ತೆಗೆದು ಮುಚ್ಚಳದ ಮೇಲಿನ ಹೆಕ್ಕಳೆಯನ್ನು ನಡುವೆ ಸ್ವಲ್ಪ ಕೆರೆದೆ. ಜಿಡ್ಡು ಜಿಡ್ಡು, ಮುಗ್ಗು ವಾಸನೆ, ಸತ್ತ ನೊಣದ ರೆಕ್ಕೆ. ಅದರಡಿಯಲ್ಲಿ ಸೂಜಿ ತೂರುವಷ್ಟು ಸಣ್ಣ ತೂತು. ಮಾಡಿದವನು ಬೇಕೆಂದೇ ಇಟ್ಟದ್ದು. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಅದೊಂದೇ. ಅದು ಮುಚ್ಚಿದರೆ, ಗಾಡಿ ಓಡಿ ಪೆಟ್ರೋಲು ತಗ್ಗಿದ ಹಾಗೆಲ್ಲ ಒಳಗಿನ ಖಾಲಿ ಜಾಗ ಪೆಟ್ರೋಲನ್ನು ಮೇಲಕ್ಕೇ ಎಳೆದು ಹಿಡಿಯುತ್ತದೆ. ಬೆಳಗ್ಗೆ ಎಷ್ಟು ಒದ್ದರೂ ಒಂದು ತೊಟ್ಟೂ ಕೆಳಗಿಳಿಯುವುದಿಲ್ಲ. ಒಂದೊಂದು ದಿನ ಹೆಕ್ಕಳೆ ಬಿರುಕು ಬಿಟ್ಟು ಗಾಳಿ ಹೋಗುತ್ತಿತ್ತು, ಒಂದೊಂದು ದಿನ ಇಲ್ಲ. ಒಂದೊಂದು ದಿನದ ಕಾಯಿಲೆಯ ಗುಟ್ಟು ಅಷ್ಟೇ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪೂರ್ತಿ ಕೆರೆದುಬಿಡು ಎಂದು ಕೈಸನ್ನೆ ಮಾಡಿದಳು. ನಾನು ಕೆರೆಯಲಿಲ್ಲ. ಕದ್ದು ಕೆರೆದರೆ ಗಾಡಿ ಸರಿಹೋಗುತ್ತದೆ. ಹುಡುಗಿಯನ್ನು ಮನೆಯಲ್ಲಿ ಕೂರಿಸಿದ್ದಕ್ಕೇ ಸರಿಹೋಯಿತು ಎನ್ನುತ್ತಾರೆ. ನಾನು ಶಾಶ್ವತವಾಗಿ ಕೂತಂತೆಯೇ. ಆದ್ದರಿಂದ ಕೆರೆದ ಜಾಗಕ್ಕೆ ಆ ಜಿಡ್ಡನ್ನು ನನ್ನ ಹೆಬ್ಬೆರಳಿನಿಂದಲೇ ಒತ್ತಿ ಮತ್ತೆ ಮೆತ್ತಿದೆ. ಆಮೇಲೆ ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಬೆರಳಿನಿಂದ ಆ ವಾಸನೆ ಬೇಗ ಹೋಗಲಿಲ್ಲ.

ಶುಕ್ರವಾರ ಬೆಳಗ್ಗೆ ಹೊಸ ಕುಂಕುಮ ಬಿತ್ತು. ಗಾಡಿ ಏಳಲಿಲ್ಲ. ಎಂದಿನಂತೆ ಬೀದಿಯವರು ನೋಡಲು ಸೇರಿದರು. ಅಪ್ಪ ಪಂಚೆ ಎತ್ತಿ ಕಟ್ಟುತ್ತಿದ್ದ. ನಾನು ಹೊಸಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

"ಅಪ್ಪಾ, ತಳ್ಳಬೇಡ. ಮುಚ್ಚಳ ತಿರುಗ್ಸು."

"ನಿನ್ ಅಪಶಕುನದ ಬಾಯಿ ಮುಚ್ಚೇ!" ಎಂದ ದೊಡ್ಡಪ್ಪ. "ಪೆಟ್ರೋಲ್ ಅರ್ಧ ಟ್ಯಾಂಕ್ ಐತೆ."

"ಪೆಟ್ರೋಲ್ ನೋಡೋಕಲ್ಲ. ಮುಚ್ಚಳ ತೆಗ್ದು ಮುಚ್ಚಿ, ಒಂದೇ ಒಂದು ಸಲ ಒದೀರಿ. ಏಳ್ದೇ ಇದ್ರೆ ನಾನಿನ್ನು ಪುಸ್ತಕ ಮುಟ್ಟಲ್ಲ."

ಅಪ್ಪ ಅಣ್ಣನ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ಕಂಡಂತೆ ಅವನು ಅಣ್ಣನ ಅಪ್ಪಣೆ ಇಲ್ಲದೆ ಮಾಡಿದ ಮೊದಲನೆಯ ಕೆಲಸ ಅದು. ಕೈ ಹಾಕಿ ತಿರುಗಿಸಿದ. ಟ್ಯಾಂಕು 'ಸ್ಸ್ಸ್' ಎಂದು ಉಸಿರೆಳೆದುಕೊಂಡಿತು. ಕೊಡ ಹಿಡಿದ ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಅಪ್ಪ ಮುಚ್ಚಿದ. ಒದ್ದವನೂ ಅಪ್ಪನೇ. ಡುಗುಡುಗು ಎಂದಿತು.

ನಾನು ಇಳಿದು ಹೋಗಿ ಮುಚ್ಚಳವನ್ನು ಬಿಚ್ಚಿಕೊಂಡು ಬಿಸಿಲಿಗೆ ಹಿಡಿದೆ. ಬೆಳಕು ತೂರಲಿಲ್ಲ. ಪಿನ್ನಿನಿಂದ ಚುಚ್ಚಿದೆ. ಒಂದು ಚುಕ್ಕಿ ಬೆಳಕು ಈಚೆ ಬಂತು. ಎದುರು ಮನೆಯ ಸಣ್ಣಮ್ಮಜ್ಜಿ ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದಳು.

"ಅಯ್ಯೋ ನಿಮ್ಮ ಮನೆ ಕಾಯ್ವೋಗ! ನೆತ್ತಿ ಅಂತ ಮೂಗಿಗೆ ಮೆತ್ತಿದೀರಲ್ರೇ ಕುಂಕುಮವ! ಉಸ್ರು ಕಟ್ಟಿದ್ರೆ ಎತ್ತೂ ಏಳಕಿಲ್ಲ!"

ಬೀದಿ ಬಿದ್ದು ಬಿದ್ದು ನಕ್ಕಿತು. ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ಇನ್ನಾದರೂ ಒಂದು ಒಳ್ಳೆಯ ಮಾತು ಬರುತ್ತದೆ ಎಂದು ನಾನು ಕಾದೆ. ಮೊದಲು ಬಾಯಿ ಬಿಟ್ಟವಳು ದೊಡ್ಡಮ್ಮ.

"ಅದೇ ಮತ್ತೆ! ಮೂಗಿಗೆ ಕುಂಕುಮ ಇಟ್ರೆ ಅಮ್ಮನೋರು ಸುಮ್ಕಿರ್ತಾರಾ? ಮುನಿಸ್ಕೊಂಡವ್ರೆ. ಇನ್ಮೇಲೆ ಕಣ್ಣಿನ ಮೇಲೇ ಇಡ್ತೀನಿ."

ದೊಡ್ಡಪ್ಪ ಆ ಮಾತನ್ನು ನೀರಲ್ಲಿ ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಹಿಡಿದುಕೊಂಡ. ಅಮ್ಮನವರ ಮುನಿಸು, ಸರಿ. ಗಾಳಿಯ ಮಾತೇ ಯಾರಿಗೂ ಬೇಡವಾಗಿತ್ತು. ಮದ್ದು ನನ್ನದು, ಕಾಯಿಲೆಯ ಹೆಸರು ಅವರದು. ಆ ಕ್ಷಣದಲ್ಲಿ ನನಗೆ ಆದ ಹೇಸಿಗೆ ಮುಂದೆ ಯಾವ ಚರಂಡಿ ನೋಡಿಯೂ ಆಗಿಲ್ಲ.

"ಹಂಗಾದ್ರೆ ನಾನು ಸ್ಕೂಲಿಗೆ ಹೋಗ್ಬಹುದಾ ದೊಡ್ಡಪ್ಪ?" ಎಂದು ಎಲ್ಲರ ಎದುರಿಗೇ ಕೇಳಿದೆ.

ಅವನು ನನ್ನ ಕಾಲ ಹತ್ತಿರ ಕೆಂಪಗೆ ಉಗಿದ.

"ಹೋಗು, ಯಾರ್ ಬೇಡ ಅಂದ್ರು? ಹಿತ್ತಲ ಬಾಗ್ಲಿಂದ ಹೋಗು. ಹೊರಡೋ ಹೊತ್ನಲ್ಲಿ ಎದ್ರಿಗೆ ಬರಬೇಡ."

ಅವತ್ತೇ ಹೋದೆ. ಆಮೇಲೆ ನಾನು ಆ ಮನೆಯಲ್ಲಿ ಇದ್ದಷ್ಟು ವರ್ಷವೂ ಹಿತ್ತಲ ಬಾಗಿಲಿನಿಂದಲೇ ಹೋದೆ, ತಿಪ್ಪೆ ಬಳಸಿಕೊಂಡು, ಲಂಗ ಎತ್ತಿ ಹಿಡಿದು. ಮಳೆಗಾಲದಲ್ಲಿ ಗೊಬ್ಬರದ ನೀರು ಕಾಲ್ಬೆರಳ ಸಂದಿಗೆ ಇಳಿಯುತ್ತಿತ್ತು. ಸ್ಕೂಲಿನ ನಲ್ಲಿಯಲ್ಲಿ ಕಾಲು ತೊಳೆಯುವಾಗ ಸಿಟಿಯ ಹುಡುಗಿಯರು ಮೂಗು ಮುಚ್ಚಿಕೊಂಡು ದೂರ ನಿಲ್ಲುತ್ತಿದ್ದರು. ಗಾಡಿ ದಿನವೂ ಸ್ಟಾರ್ಟ್ ಆಗುತ್ತಿತ್ತು. ಅಪ್ಪ ಓಡುವುದು ನಿಂತಿತ್ತು. ನನ್ನ ಕಣ್ಣಿನ ದೋಷ ಮಾತ್ರ ಹಾಗೇ ಉಳಿಯಿತು, ಏಕೆಂದರೆ ಅದನ್ನು ತೆಗೆದು ಬಿಸಿಲಿಗೆ ಹಿಡಿದು ತೋರಿಸಲು ಬರುವುದಿಲ್ಲ. ಪರೀಕ್ಷೆಗೆ ಕೂತೆ, ಪಾಸಾದೆ. ಇಂಟರ್‌ಮೀಡಿಯೆಟ್ಟು, ಆಮೇಲೆ ಕಾಲೇಜು. ಪ್ರತಿ ವರ್ಷವೂ ಈ ವರ್ಷಕ್ಕೆ ಸಾಕು ಎಂಬ ಮಾತು ಬಂತು. ಪ್ರತಿ ವರ್ಷವೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪದವಿಯ ಸರ್ಟಿಫಿಕೇಟನ್ನು ಕಾಲೇಜಿನ ಆಫೀಸಿನಲ್ಲಿ ತೆಗೆದುಕೊಂಡು ಮನೆಗೆ ಬಂದಾಗ ದೊಡ್ಡಪ್ಪ ಜಗಲಿಯ ಮೇಲೆ ಯಾರೊಂದಿಗೋ ಸೈಟಿನ ಮಾತಾಡುತ್ತಿದ್ದ. ಅವನಿಗೆ ತೋರಿಸಬೇಕೆನ್ನಿಸಲಿಲ್ಲ. ನೇರ ಅಡುಗೆ ಮನೆಗೆ ಹೋದೆ. ಅವ್ವ ಹಿಟ್ಟು ತೊಳಸುತ್ತಿದ್ದವಳು ಕೋಲು ಬಿಟ್ಟು, ಕೈ ತೊಳೆದು, ಸೆರಗಿಗೆ ಒರೆಸಿ, ಮತ್ತೆ ಒರೆಸಿ, ಅದನ್ನು ಅಂಚು ಹಿಡಿದು ಈಸಿಕೊಂಡಳು. ಓದಲು ಬರುತ್ತಿರಲಿಲ್ಲ. ಅದೂ ಇಂಗ್ಲಿಷಿನಲ್ಲಿತ್ತು. ಮುದ್ರೆಯ ಮೇಲೆ ಬೆರಳಾಡಿಸಿದಳು.

"ಇದುಕ್ಕೆ ಕೆಲ್ಸ ಕೊಡ್ತಾರಾ?"

"ಕೊಡ್ತಾರೆ ಅವ್ವ. ಹುಡ್ಗೀರ ಹೈಸ್ಕೂಲ್ನಲ್ಲಿ ಬಾ ಅಂದವ್ರೆ."

"ಅಲ್ಲೆಲ್ಲಾದ್ರೂ ಬಾಡಿಗೆಗೆ ಮನೆ ಸಿಗ್ತದಾ?"

"ಯಾಕವ್ವ?"

ಅವ್ವ ಜಗಲಿಗೆ ಕೇಳಿಸೀತೆಂದು ದನಿ ತಗ್ಗಿಸಲಿಲ್ಲ.

"ನೋಡು ಮತ್ತೆ. ಒಂದೇ ಕೋಣೆ ಆದ್ರೂ ಸಾಕು, ನಾನೂ ನಿಮ್ಮಪ್ಪನೂ ಬಂದ್ಬಿಡ್ತೀವಿ. ಈ ಮನೇಲಿ ಉಂಡ ಅನ್ನ ಒಂದಿನಾನೂ ನಂಗೆ ಮೈಗೆ ಹತ್ತಲಿಲ್ಲ ಕಣೇ."